ಅರ್ಧ ಡಾಕ್ಟರ್

ನಮ್ಮ ಊರಿಗೆ ಅನ್ನ ಹಾಕುವುದು ಎರಡು ಗೇಟು. ಒಂದು ವಿಶ್ವವಿದ್ಯಾಲಯದ್ದು, ಇನ್ನೊಂದು ಅದರದೇ ಆಸ್ಪತ್ರೆಯದ್ದು. ನೂಲಿನ ಮಿಲ್ಲು ಮುಚ್ಚಿದಾಗ ಊರಿನ ಕಥೆ ಮುಗಿಯಿತು ಎಂದು ಎಲ್ಲರೂ ಷರಾ ಬರೆದಿದ್ದರು. ಮುಗಿಯಲಿಲ್ಲ. ಮಿಲ್ಲಿನ ಫಿಟ್ಟರು ಈಗ ಆಸ್ಪತ್ರೆಯ ಲಿಫ್ಟು ನೋಡಿಕೊಳ್ಳುತ್ತಾನೆ. ನೂಲು ಸುತ್ತುತ್ತಿದ್ದವರು ವಾರ್ಡಿನ ಬೆಡ್‌ಶೀಟು ಒಗೆಯುತ್ತಾರೆ. ಮನೆ ಇದ್ದವರು ಒಂದು ಕೋಣೆಯನ್ನು ವಿದ್ಯಾರ್ಥಿಗೂ ಇನ್ನೊಂದನ್ನು ರೋಗಿಯ ಕಡೆಯವರಿಗೂ ಬಾಡಿಗೆಗೆ ಕೊಟ್ಟು ತಾವು ನಡುಮನೆಯಲ್ಲಿ ಮಲಗುತ್ತಾರೆ. ರಜೆ ಬಂದು ಹಾಸ್ಟೆಲು ಖಾಲಿಯಾದರೆ ಬೀದಿಯವರೆಲ್ಲ ನೊಣ ಹೊಡೆಯುತ್ತ ಕೂರುತ್ತೇವೆ. ಊರೂರಲ್ಲಿ ಜ್ವರ ಹಬ್ಬಿದರೆ ನಮಗೆ ಕೈತುಂಬ ಕೆಲಸ. ನಾಚಿಕೆಗೇಡು ಅನ್ನಿ, ಆದರೆ ಇರುವುದು ಹಾಗೇ.

ಆ ಎರಡು ಗೇಟುಗಳ ನಡುವೆ ನನ್ನ ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಪ್ರಬಂಧಗಳು, ಮಧ್ಯಾಹ್ನ ರಿಪೋರ್ಟುಗಳು. ಇಪ್ಪತ್ತೆರಡು ವರ್ಷ ಕಂಡವರ ಸ್ಕ್ಯಾನು, ರಕ್ತಪರೀಕ್ಷೆಗಳನ್ನು ಗಾಜಿನ ಮೇಲೆ ಮಗುಚಿ ಹಾಕಿ ಹಾಕಿ ನನಗೂ ನಾಲ್ಕು ಅಕ್ಷರ ಅಂಟಿಕೊಂಡಿತ್ತು. "ಇದ್ರಲ್ಲಿ ಏನು ಬರ್ದಿದೆ, ಸ್ವಲ್ಪ ನೋಡಿ ಹೇಳಿ" ಎಂದು ಜನ ಗಾಬರಿಯಲ್ಲಿ ಕೇಳುತ್ತಿದ್ದರು. ಡಾಕ್ಟರನ್ನು ಕಾಣಲು ಮೂರು ದಿನ ಕಾಯಬೇಕು, ನಾನಾದರೆ ಅಲ್ಲೇ ಸಿಗುತ್ತಿದ್ದೆ. ಬೀದಿಯವರು ನನಗೆ ಅರ್ಧ ಡಾಕ್ಟರ್ ಎಂದು ಹೆಸರಿಟ್ಟರು. ಅವರು ಇಟ್ಟಿದ್ದು ತಮಾಷೆಗೆ. ನನ್ನ ತಲೆಗೆ ಅದು ನಿಜವಾಗಿಯೇ ಏರಿತು.

ನನ್ನ ಅಕ್ಕ ಹಾಸ್ಟೆಲಿನಲ್ಲಿ ಅಡುಗೆಯವಳು. ಮಗಳಿಗೆ ಮೂರು ತುಂಬುವಷ್ಟರಲ್ಲಿ ಭಾವ ತೀರಿಕೊಂಡ. ಊರವರ ಇನ್ನೂರು ಹೆಣ್ಣುಮಕ್ಕಳಿಗೆ ಬೇಯಿಸಿ ಹಾಕಿ ತನ್ನ ಒಬ್ಬಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದ್ದಳು. ಹಾಸ್ಟೆಲಿನ ಕೆಲಸದವರೆಲ್ಲ ವರ್ಷಕ್ಕೊಮ್ಮೆ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ರಿಪೋರ್ಟಿನ ಒಂದು ಪ್ರತಿಯನ್ನು ವಾರ್ಡನ್ ಕೈಗೆ ಕೊಡಬೇಕು. ಕಳೆದ ವರ್ಷ ಅಕ್ಕ ಅದಕ್ಕೇ ಅಂಗಡಿಗೆ ಬಂದಳು.

"ಏನಂತೆ ಡಾಕ್ಟ್ರೇ? ಬೇಗ ಹೇಳಪ್ಪ, ಒಲೆ ಮೇಲೆ ಇಟ್ಟು ಬಂದಿದೀನಿ" ಎಂದು ನಕ್ಕಳು.

ನೋಡಿದೆ. ಕಿಡ್ನಿಯಲ್ಲಿ ಒಂದು ಸಣ್ಣ ಗಂಟು ಎಂದಿತ್ತು. ಕೊನೆಯಲ್ಲಿ, ವೈದ್ಯರನ್ನು ಕಂಡು ಖಚಿತಪಡಿಸಿಕೊಳ್ಳಿ ಎಂಬ ಸಾಲು. ಆ ಸಾಲು ಹೆಚ್ಚುಕಡಿಮೆ ಎಲ್ಲರ ರಿಪೋರ್ಟಿನ ಅಡಿಯಲ್ಲೂ ಇರುತ್ತದೆ, ಸಾವಿರ ಸಲ ಕಂಡಿದ್ದೆ. ಕಿಡ್ನಿಯ ಗಂಟುಗಳನ್ನೂ ಕಂಡಿದ್ದೆ. ಬರೀ ನೀರು ತುಂಬಿದವು, ಯಾರಿಗೂ ಏನೂ ಮಾಡದವು. ಅಕ್ಕನ ರಿಪೋರ್ಟಿನಲ್ಲಿ ನೀರಿನ ಮಾತೇ ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

"ಇದು ಎಷ್ಟೋ ಜನಕ್ಕೆ ಇರುತ್ತಕ್ಕಾ. ಕೆಳಗಿನ ಸಾಲನ್ನ ಎಲ್ಲರಿಗೂ ಹೊಡೀತಾರೆ. ಸುಮ್ನೆ ರಜೆ ಹಾಕಿ ಅಲೀಬೇಡ" ಎಂದೆ. ಅವಳ ಹಿಂದೆ ಜನ ಸಾಲು ನಿಂತಿದ್ದರು. ಪ್ರತಿ ತೆಗೆದು ಕೊಟ್ಟೆ, ಅವಳು ಓಡಿದಳು.

ಹತ್ತು ತಿಂಗಳಾದ ಮೇಲೆ ಅವಳಿಗೆ ಮೂತ್ರದಲ್ಲಿ ರಕ್ತ ಹೋಯಿತು. ಅಷ್ಟರಲ್ಲಿ ಗಂಟು ಶ್ವಾಸಕೋಶಕ್ಕೂ ಬೆನ್ನುಮೂಳೆಗೂ ಹರಡಿತ್ತು. ವಾರ್ಡಿಗೆ ಸೇರಿಸಿದ ಮಾರನೆಯ ಬೆಳಿಗ್ಗೆ ದೊಡ್ಡ ಡಾಕ್ಟರು ಎಂಟು ವಿದ್ಯಾರ್ಥಿಗಳನ್ನು ಹಿಂದೆ ಕಟ್ಟಿಕೊಂಡು ಬಂದರು. ಅವರಲ್ಲಿ ಇಬ್ಬರು ಅಕ್ಕನ ಕೈ ಅಡುಗೆ ಉಂಡ ಹುಡುಗಿಯರು. ಡಾಕ್ಟರು ಹಳೆಯ ರಿಪೋರ್ಟನ್ನು ತಿರುಗಿಸಿ ನೋಡಿದರು.

"ಅಮ್ಮಾ, ಇದು ಬಂದಾಗಲೇ ಯಾಕೆ ತೋರಿಸ್ಲಿಲ್ಲ? ಆಗಾಗಿದ್ರೆ ತೆಗೆದುಬಿಡಬಹುದಿತ್ತು. ಯಾರಾದ್ರೂ ಬೇಡ ಅಂದ್ರಾ?"

ನಾನು ಮಂಚದ ತಲೆಯ ಕಡೆ ನಿಂತಿದ್ದೆ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ನಾಲಿಗೆ ಏಳಲಿಲ್ಲ. ಅಂಥ ಹೇಡಿ ನಾನು ಎಂದು ಅಂದಿನವರೆಗೆ ನನಗೇ ಗೊತ್ತಿರಲಿಲ್ಲ.

"ಯಾರೂ ಏನೂ ಅಂದಿಲ್ಲ ಸಾರ್. ನಾನೇ ಅಸಡ್ಡೆ ಮಾಡ್ದೆ" ಎಂದಳು ಅಕ್ಕ.

ಡಾಕ್ಟರು ನಿಟ್ಟುಸಿರು ಬಿಟ್ಟು ವಿದ್ಯಾರ್ಥಿಗಳ ಕಡೆ ತಿರುಗಿದರು. "ನೋಡಿದ್ರಾ, ಜನ ರಿಪೋರ್ಟ್ ತಗೊಂಡು ಹೋಗಿ ಬೀರುವಿನಲ್ಲಿ ಇಟ್ಕೋತಾರೆ. ಬರ್ಕೊಳ್ಳಿ." ಎಂಟೂ ಜನ ಬರೆದುಕೊಂಡರು. ಹಾಸ್ಟೆಲಿನ ಹುಡುಗಿಯೊಬ್ಬಳು ಮೂಗು ಒರೆಸಿಕೊಂಡು ಬರೆದಳು. ಗುಂಪು ಮುಂದಿನ ಮಂಚಕ್ಕೆ ಹೋಯಿತು.

"ಯಾಕಕ್ಕಾ ಸುಳ್ಳು ಹೇಳ್ದೆ? ಈಗ್ಲೇ ಹೋಗಿ ಹೇಳ್ತೀನಿ, ನಾನೇ ಬೇಡ ಅಂದಿದ್ದು ಅಂತ."

"ಕೂತ್ಕೋ. ನೀನು ಹೇಳಿಬಿಟ್ರೆ ನಾನು ಎದ್ದು ಓಡಾಡ್ತೀನಾ? ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತೆ. ಆಮೇಲೆ ನಿನ್ನ ಅಂಗಡಿಗೆ ಯಾರು ಬರ್ತಾರೆ?"

"ಅಂಗಡಿ ಹಾಳಾಗಿ ಹೋಗ್ಲಿ!"

"ಹೋಗ್ಬಾರ್ದು." ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸದವರನ್ನು ಗದರಿಸುವ ದನಿ ಅದು. "ಮಗಳ ಓದು ಇನ್ನೂ ಮೂರು ವರ್ಷ ಇದೆ. ಇನ್ಮೇಲೆ ಅವಳು ನಿನ್ನ ಮನೇಲೇ ತಾನೆ ಇರೋದು? ಅವಳ ಊಟ, ಬಟ್ಟೆ, ಫೀಸು ಎಲ್ಲ ಆ ಅಂಗಡಿಯಿಂದಲೇ ಆಗ್ಬೇಕು."

ನನಗೆ ಅಳು ಒತ್ತರಿಸಿ ಬಂತು. ಅಕ್ಕ ನನ್ನನ್ನು ಕ್ಷಮಿಸಿದಳು ಎಂದುಕೊಂಡು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಗಂಟೆ ಒಂಬತ್ತಾಯ್ತು. ಹೋಗಿ ಅಂಗಡಿ ತೆಗಿ" ಎಂದು ಗೋಡೆಯ ಕಡೆ ಮಗ್ಗುಲಾದಳು.

ನಾನು ಹೋಗಿ ಅಂಗಡಿ ತೆಗೆದೆ.