ಒಂದೇ ನಿಂಬೆಹಣ್ಣಿಗೊಂದು ತಟ್ಟೆ

ತಪ್ಪು ನನ್ನದಲ್ಲ ಎಂದು ಬೆಳಗಿನಿಂದ ಹತ್ತು ಸಲವಾದರೂ ಹೇಳಿದ್ದೆ. ತಿರುಪ್ಪೂರಿನ ಬನಿಯನ್ ಕಂಪನಿಯವರನ್ನು ಬೈದೆ, ಕಂಪ್ಯೂಟರನ್ನು ಬೈದೆ, ನಮ್ಮ ಆಫೀಸಿರುವ ಶರವಣಂಪಟ್ಟಿಯ ಕರೆಂಟನ್ನೂ ಬಿಡಲಿಲ್ಲ. ಹಾವೇರಿಯಿಂದ ಈ ತಮಿಳು ಸೀಮೆಗೆ ಬಂದು ಎಂಟು ತಿಂಗಳಾಗಿದ್ದರೂ ಬೈಗುಳ ಮಾತ್ರ ಇನ್ನೂ ಊರಿನದೇ.

ಪಕ್ಕದಲ್ಲಿ ನನ್ನ ಸಹೋದ್ಯೋಗಿ ಪದ್ಮಪ್ರಿಯಾ ಕೈತುಂಬ ಮೆಹಂದಿ ಹಾಕಿಕೊಂಡು ಕೂತಿದ್ದಳು. ಅವತ್ತು ಸಂಜೆ ಐದಕ್ಕೆ ಆರ್.ಎಸ್. ಪುರಂನಲ್ಲಿ ಅವಳದೇ ನಿಶ್ಚಿತಾರ್ಥ. ನಲವತ್ತು ಆರ್ಡರುಗಳೂ ಪರದೆಯ ಮೇಲೆ ಬರುವವರೆಗೆ ಇಬ್ಬರೂ ಏಳುವಂತಿಲ್ಲ ಎಂದು ಮ್ಯಾನೇಜರ್ ದಂಡಪಾಣಿ ಹೇಳಿಬಿಟ್ಟಿದ್ದರು. ಮೂವತ್ತೊಂಬತ್ತು ಬಂದಿದ್ದವು. ಗಂಟೆ ಆಗಲೇ ಮೂರೂವರೆ.

ಬನಿಯನ್ ಕಂಪನಿಯವರು ಆರ್ಡರುಗಳನ್ನು ಜೇಸನ್ ಎಂಬ ರೂಪದಲ್ಲಿ ಕಳಿಸುತ್ತಿದ್ದರು. ಆರ್ಡರಿನೊಳಗೆ ಬಟ್ಟೆ, ಬಟ್ಟೆಯೊಳಗೆ ಬಣ್ಣಗಳ ಪಟ್ಟಿ, ಬಣ್ಣದೊಳಗೆ ಅಳತೆಗಳು. ಅದನ್ನು ಬಿಡಿಸಿ ನಮ್ಮ ಪ್ರೋಗ್ರಾಮಿನ ಆಬ್ಜೆಕ್ಟು ಎಂಬ ಖಾನೆಗಳಿಗೆ ತುಂಬುವ ಕೋಡ್ ನನ್ನದು. ಮೂವತ್ತೇಳನೆಯ ಆರ್ಡರೊಂದನ್ನು ಮಾತ್ರ ಅದು ಪ್ರತಿ ಸಲವೂ ‘ಓದಲಾಗಲಿಲ್ಲ’ ಎಂದು ಬಿಟ್ಟು ಮುಂದೆ ಹೋಗುತ್ತಿತ್ತು.

"ನಿಂಗೆ ಎಷ್ಟು ಸಲ ಹೇಳೋದು, ನಿನ್ ಕೋಡ್ ಒಂದ್ಸಲ ನೋಡ್ಕೋ ಅಂತ," ಎಂದಳು ಪದ್ಮಪ್ರಿಯಾ. ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು, ಆದರೂ ಸುಮ್ಮನಿರದೆ ತಿರುಪ್ಪೂರಿನವರನ್ನು ಇನ್ನೊಮ್ಮೆ ಬೈದೆ.

ಅಷ್ಟರಲ್ಲಿ ಅವಳ ಅಜ್ಜಿ ಪದ್ಮಾಕ್ಷಿ ಆಟೋದಲ್ಲಿ ಬಂದಿಳಿದು, ಸೆಕ್ಯುರಿಟಿಯವನನ್ನು ಗದರಿಸಿಕೊಂಡೇ ಒಳಗೆ ಬಂದರು.

"ಸೀಕ್ರ ಏಳು ಕಣ್ಣು, ಮಾಪಿಳ್ಳೆ ಮನೆಯವರು ಬಂದಾಯ್ತು," ಎಂದು ತಮಿಳು ಬೆರೆತ ಕನ್ನಡದಲ್ಲಿ ಮುದ್ದಿನ ಮೊಮ್ಮಗಳನ್ನು ಅವಸರಪಡಿಸಿದರು. ಗಂಡಿನ ಕಡೆಯವರು ಆಗಲೇ ಬಂದು ಕೂತಿದ್ದರಂತೆ.

ಪದ್ಮಪ್ರಿಯಾ ಪರದೆ ತೋರಿಸಿದಳು. ಅಜ್ಜಿಗೆ ಅರ್ಥವಾಗಲಿಲ್ಲ, ಆಗಬೇಕೆಂದೂ ಇರಲಿಲ್ಲ. ನನ್ನ ಕಡೆ ತಿರುಗಿ, "ನಿಶ್ಚಿತಾರ್ಥಕ್ಕೆ ನಿನ್ನ ಮನೆಗೆ ಬಂದು ಕರೆಯಕ್ಕೆ ಆಗ್ಲಿಲ್ಲಪ್ಪ," ಎನ್ನುತ್ತ ಚೀಲದಿಂದ ಒಂದು ನಿಂಬೆಹಣ್ಣು ತೆಗೆದರು. ನಾನು ಕೈಯೊಡ್ಡಿದೆ. ಅವರು ಕೊಡಲಿಲ್ಲ. ಮತ್ತೆ ಚೀಲಕ್ಕೆ ಕೈಹಾಕಿ ತಡಕಾಡಿ ತಡಕಾಡಿ ಒಂದು ಸ್ಟೀಲ್ ತಟ್ಟೆ ಹುಡುಕಿದರು.

"ಒಂದು ಹಣ್ಣಿಗೆ ತಟ್ಟೆ ಯಾಕಜ್ಜಿ? ಹಂಗೇ ಕೊಡ್ರಲ್ಲ."

"ಒಂದಾದ್ರೇನು, ಹತ್ತಾದ್ರೇನು? ಕರೆಯೋವಾಗ ತಟ್ಟೇಲೇ ಇಟ್ಟು ಕೊಡ್ಬೇಕು."

ತಟ್ಟೆ ಹಿಡಿದುಕೊಂಡೇ ನಾನು ಪರದೆಯತ್ತ ತಿರುಗಿದೆ.

"ಪದ್ಮಪ್ರಿಯಾ, ಮೂವತ್ತೇಳರಲ್ಲಿ ಎಷ್ಟು ಬಣ್ಣ?"

"ಒಂದೇ. ಬರೀ ಬಿಳಿ."

ಮಿಕ್ಕ ಎಲ್ಲ ಆರ್ಡರುಗಳಲ್ಲೂ ಎರಡೋ ಮೂರೋ ಬಣ್ಣಗಳಿದ್ದವು, ಅವು ಪಟ್ಟಿಯಾಗಿ ಬರುತ್ತಿದ್ದವು. ಇದರಲ್ಲಿ ಒಂದೇ ಇದ್ದುದರಿಂದ ಅವರ ಕಡೆಯಿಂದ ಪಟ್ಟಿಯೇ ಇಲ್ಲದೆ ಬಣ್ಣ ಹಾಗೇ ಬಂದಿತ್ತು. ನನ್ನ ಕೋಡ್ ಪಟ್ಟಿಯನ್ನೇ ಹುಡುಕುತ್ತ ಕೂತಿತ್ತು. ಒಂದೇ ಬಣ್ಣ ಬಂದರೆ ಅದನ್ನೂ, ಒಂದೇ ಹಣ್ಣನ್ನು ತಟ್ಟೆಯಲ್ಲಿಟ್ಟ ಹಾಗೆ, ಮೊದಲು ಪಟ್ಟಿಯೊಳಗಿಡು ಎಂದು ನಾಲ್ಕು ಸಾಲು ಬರೆದು ಓಡಿಸಿದೆ. ನಲವತ್ತೂ ಬಂದವು.

"ತಪ್ಪು ನಂದೇ," ಎಂದೆ.

"ಬೆಳಗ್ಗೆಯಿಂದ ಗೊತ್ತಿತ್ತು," ಎಂದು ಪದ್ಮಪ್ರಿಯಾ ನಗುತ್ತಲೇ ಆಟೋ ಹತ್ತಿದಳು. ದಂಡಪಾಣಿಯವರಿಗೆ ಪರದೆ ತೋರಿಸಿ, ಬಸ್ಸು ಹಿಡಿದು ನಾನೂ ಹಿಂದೆಯೇ ಹೋದೆ.

ಉಂಗುರ ಬದಲಾಯಿಸುವ ಹೊತ್ತಿಗೆ ಸರಿಯಾಗಿ ತಲುಪಿದೆ. ಆಮೇಲೆ ಎಲ್ಲರೂ ಮನೆಮಂದಿಯ ಜೊತೆ ಊಟಕ್ಕೆ ಕೂತರು. ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ಮೆಲ್ಲಗೆ ಜಾಗ ಖಾಲಿ ಮಾಡೋಣವೆಂದು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದೆ. ಅಜ್ಜಿ ಬಂದು ರಟ್ಟೆ ಹಿಡಿದರು.

"ಒಬ್ಬನೇ ಏನಕ್ಕೆ ನಿಂತಿದೀಯ ಕಣ್ಣು? ಬಾ, ಪಂಕ್ತೀಲಿ ಕೂತ್ಕೋ." ಕೂತಿದ್ದವರನ್ನು ಒತ್ತರಿಸಿ, ನಡುವೆ ನನಗೊಂದು ಎಲೆ ಹಾಕಿಸಿದರು.

ಎಂಟು ತಿಂಗಳಿಂದ ಮೆಸ್ಸಿನ ಮೂಲೆಯಲ್ಲಿ ಒಬ್ಬನೇ ಉಣ್ಣುತ್ತಿದ್ದೆ. ಅವತ್ತು ಸಾಲಿನ ನಡುವೆ ಕೂತು ಪಾಯಸವನ್ನು ಮೂರು ಸಲ ಹಾಕಿಸಿಕೊಂಡೆ.