ಗೇಟಿನಿಂದ ವಾಪಸ್ ಹೋದ ಲಾರಿ

ದೊಮ್ನಿಕಾಗೆ ಮತದ ಹಕ್ಕು ಇರಲಿಲ್ಲ. ಅವಳು ಮಾಲ್ದೋವಾದಿಂದ ಒಂದು ಸೆಮಿಸ್ಟರ್ ಮಟ್ಟಿಗೆ ನಮ್ಮ ಕೃಷಿ ಕಾಲೇಜಿಗೆ ಬಂದವಳು. ವಿದ್ಯಾರ್ಥಿಗಳ ಸಭೆಯಲ್ಲಿ ಕೂರಬಹುದಿತ್ತು, ಕೈ ಎತ್ತುವಂತಿರಲಿಲ್ಲ. ಡಿಸೆಂಬರ್ ಮೂರರ ಸಭೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಗೇಟಿಗೆ ಸರಪಳಿ ಹಾಕಿ ಕಾಲೇಜಿನೊಳಗೇ ಧರಣಿ ಕೂರಬೇಕೇ ಬೇಡವೇ ಎಂಬುದು ಪ್ರಶ್ನೆ. ಪರವಾಗಿ ಇನ್ನೂರ ಹನ್ನೆರಡು ಕೈ, ವಿರುದ್ಧ ಇನ್ನೂರ ಐದು. ಪರವಾಗಿ ಎದ್ದ ಕೈಗಳಲ್ಲಿ ನನ್ನದೂ ಒಂದು.

ಅಥೆನ್ಸಿನ ಶಿಕ್ಷಣ ಸಚಿವಾಲಯ ನಮ್ಮ ವಿಭಾಗವನ್ನು ಮುಚ್ಚಿ ಬೇರೆ ಊರಿನ ಕಾಲೇಜಿಗೆ ಸೇರಿಸುವುದಾಗಿ ಹೇಳಿತ್ತು. ಉತ್ತರದ ದೊಡ್ಡ ನಗರ ಸಲೋನಿಕಿಯಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ನಮ್ಮ ಊರಿನಲ್ಲಿ ಕಾಲೇಜು ಬಿಟ್ಟರೆ ಇರುವುದು ಒಂದು ಆಸ್ಪತ್ರೆ, ಒಂದು ಸೈನ್ಯದ ಶಿಬಿರ, ಮತ್ತೆ ಕಾಫಿ ಅಂಗಡಿಗಳು. ಹಾಗಾಗಿ ಕೈ ಎತ್ತಲು ಕಾರಣ ಇರಲಿಲ್ಲ ಎನ್ನುವಂತಿಲ್ಲ. ಆದರೆ ನಿಜ ಹೇಳುವುದಾದರೆ, ನಮ್ಮ ಗುಂಪಿನವರೆಲ್ಲ ಎತ್ತಿದರು, ನಾನೂ ಎತ್ತಿದೆ.

ದೊಮ್ನಿಕಾಗೆ ಪಾಠ ನಿಂತದ್ದು ದೊಡ್ಡ ಸಂಗತಿಯಾಗಿರಲಿಲ್ಲ. ಅವಳ ಇಪ್ಪತ್ತು ಕ್ರೆಡಿಟ್ಟೂ ಒಂದೇ ಪ್ರಯೋಗದಲ್ಲಿದ್ದವು. ಕಾಲೇಜಿನ ಹಿತ್ತಿಲಿನ ಗಾಜಿನ ಮನೆಯಲ್ಲಿ ಇನ್ನೂರ ನಲವತ್ತು ಕುಂಡ, ಕುಂಡಕ್ಕೊಂದು ಕೆಂಪು ದೊಣ್ಣೆಮೆಣಸಿನ ಸಸಿ. ನಾಲ್ಕು ಹದದ ಉಪ್ಪುನೀರು ಹಾಕಿ ಯಾವ ತಳಿ ಎಷ್ಟು ತಡೆದುಕೊಳ್ಳುತ್ತದೆ ಎಂದು ಅರುವತ್ತು ದಿನ ಪ್ರತಿದಿನ ಅಳೆದು ಬರೆಯಬೇಕು. ನವೆಂಬರ್ ಹತ್ತಕ್ಕೆ ಶುರು ಮಾಡಿದ್ದಳು. ಆ ಬರಹ ಫೆಬ್ರವರಿ ಮೊದಲ ವಾರ ಕಿಶಿನೌ ನಗರದ ಅವಳ ವಿಶ್ವವಿದ್ಯಾಲಯಕ್ಕೆ ತಲುಪಬೇಕಿತ್ತು. ತಲುಪದಿದ್ದರೆ ಅವಳ ಸರ್ಕಾರಿ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ಹಾಸ್ಟೆಲ್ ಕೋಣೆಯೂ ಅದರ ಜೊತೆಗೆ. ಫೀಸು ಕಟ್ಟಿ ಓದುವ ಮನೆಯವಳಲ್ಲ. ಅಮ್ಮ ಇಟಲಿಯಲ್ಲಿ ಯಾವುದೋ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು, ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ.

ಧರಣಿಯ ಮೊದಲ ದಿನವೇ ಅವಳನ್ನು ಅರ್ಗಿರೋ ಹತ್ತಿರ ಕರೆದುಕೊಂಡು ಹೋದೆ. ಅರ್ಗಿರೋ ನಮ್ಮ ಧರಣಿ ಸಮಿತಿಯ ಮುಖ್ಯಸ್ಥೆ, ಐದನೇ ವರ್ಷದಲ್ಲಿ ಎರಡನೇ ಸಲ ಕೂತವಳು. ಒಳಗೆ ಯಾರು ಬರಬೇಕು, ಯಾರು ಬರಬಾರದು ಎಂಬುದು ಅವಳ ಮಾತು. ನಾನು ಗಿಡದ ವಿಷಯ ಪೂರ್ತಿ ಹೇಳುವ ಮೊದಲೇ ಚೀಟಿ ಬರೆದುಕೊಟ್ಟಳು.

"ಗಿಡಕ್ಕೆ ನೀರು ಹಾಕಿದ್ರೆ ಧರಣಿ ಮುರಿಯಲ್ಲ ಕಣೆ. ಆದ್ರೆ ನಿನ್ನ ಮೆಣಸಿನಕಾಯಿಗಳೂ ಬೆಳಿಗ್ಗೆ ಎದ್ದು ಘೋಷಣೆ ಕೂಗಬೇಕು, ಅಷ್ಟೇ," ಎಂದಳು.

ದೊಮ್ನಿಕಾ ನಕ್ಕಳು. ಆಮೇಲೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಚೀಟಿ ತೋರಿಸಿ, ಗಾಜಿನ ಮನೆಗೆ ಹೋಗಿ ಅಳೆದು, ಬರೆದು, ನಮ್ಮ ಜೊತೆ ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದಳು. ನಮ್ಮ ಹುಡುಗರು ಅವಳನ್ನು ಸಾಕ್ಷಾತ್ ಸಚಿವೆ ಎಂದು ಕರೆಯಲು ಶುರು ಮಾಡಿದರು. ಇಡೀ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ.

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಎಂಟರಿಂದ ಗೇಟು ಕಾಯುವ ಪಾಳಿ ನನ್ನದು. ಅರ್ಗಿರೋ ಮತ್ತು ಸಮಿತಿಯ ಉಳಿದವರು ಮೆರವಣಿಗೆಗೆಂದು ಅಥೆನ್ಸಿಗೆ ಹೋಗಿದ್ದರು. ಹತ್ತೂವರೆಗೆ ಎಣ್ಣೆ ಲಾರಿ ಬಂತು. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಕಾಲೇಜಿನ ಬಾಯ್ಲರಿಗೆ ತಿಂಗಳಿಗೊಮ್ಮೆ ಬರುವ ಲಾರಿ. ಸರಪಳಿ ಬಿಚ್ಚಿ ಎಂದು ಡ್ರೈವರ್ ಹಾರ್ನ್ ಹೊಡೆದ. ಯಾವ ವಾಹನವನ್ನೂ ಒಳಗೆ ಬಿಡಬಾರದು ಎಂಬುದು ಸಭೆಯ ತೀರ್ಮಾನ. ಗೇಟು ಒಮ್ಮೆ ತೆರೆದರೆ ಹಿಂದೆಯೇ ಪೊಲೀಸರು ನುಗ್ಗುತ್ತಾರೆ ಎಂಬ ಭಯ. ಅರ್ಗಿರೋಗೆ ಎರಡು ಸಲ ಫೋನ್ ಮಾಡಿದೆ. ಗದ್ದಲದಲ್ಲಿ ಎತ್ತಲಿಲ್ಲ. ಆಗದು, ವಾಪಸ್ ಹೋಗಿ ಎಂದೆ.

"ಆಯ್ತಪ್ಪಾ ಸೇನಾಪತಿ," ಎಂದ ಡ್ರೈವರ್. "ನಡುಗೋದು ನೀನು, ನಾನಲ್ಲ."

"ನಮ್ಮ ಹತ್ರ ಕಂಬಳಿ ಇದೆ," ಎಂದೆ.

ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ಸಂಜೆಯೊಳಗೆ ಊರೆಲ್ಲ ಫೋನಿನಲ್ಲಿ ನನ್ನ ಮುಖ. ನನ್ನ ಇಪ್ಪತ್ತೊಂದು ವರ್ಷದಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ. ಅದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಗಾಜಿನ ಮನೆಗೆ ಬಿಸಿ ಹೋಗುವುದೂ ಅದೇ ಬಾಯ್ಲರಿನಿಂದ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಾಯ್ಲರ್ ನೋಡಿಕೊಳ್ಳುವ ಸ್ಟೆರ್ಗೋಸ್ ಮಾಮನಿಗೆ ಗೊತ್ತಿತ್ತು. ಬಾಯ್ಲರ್ ತಾನಾಗಿಯೇ ಉರಿಯುತ್ತದೆ ಎಂದು ಧರಣಿಯ ಮೊದಲ ದಿನ ಅವನನ್ನು ನಾವೇ ಮನೆಗೆ ಕಳಿಸಿದ್ದೆವು.

ಹದಿನಾರರ ಬೆಳಿಗ್ಗೆ ದೊಮ್ನಿಕಾ ಎಂದಿನಂತೆ ಕಾಫಿಗೆ ಬರಲಿಲ್ಲ. ಗಾಜಿನ ಮನೆಗೆ ಹೋಗಿ ನೋಡಿದರೆ ಕೋಟಿನ ಮೇಲೆ ಕೋಟು ಹಾಕಿ ಬಿಸಿನೀರಿನ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಪೈಪು ತಣ್ಣಗಿತ್ತು. ಒಳಗೆ ಒಂಬತ್ತು ಡಿಗ್ರಿ. ಹೊರಗೆ ಆ ರಾತ್ರಿ ಸೊನ್ನೆಗಿಂತ ಆರು ಕೆಳಗೆ ಹೋಗುತ್ತದೆ ಎಂದು ರೇಡಿಯೋ ಹೇಳಿತ್ತು.

ಆ ದಿನ ಪೂರ್ತಿ ಓಡಾಡಿದೆ. ಮೊದಲು ಎಣ್ಣೆ ಡಿಪೋಗೆ. ಅಲ್ಲಿನ ಗುಮಾಸ್ತ ಒಳ್ಳೆಯವನೇ, ನನ್ನ ಫೋಟೋ ನೋಡಿದ್ದ, ಕೈ ಕುಲುಕಿದ. ಆದರೆ ಕಾಲೇಜಿನ ಲೆಕ್ಕಾಧಿಕಾರಿಯ ಸಹಿ ಇಲ್ಲದೆ ಲಾರಿ ಹೊರಡುವುದಿಲ್ಲ, ವಾಪಸ್ ಬಂದ ಲಾರಿಗೆ ಮುಂದಿನ ಸರದಿ ಜನವರಿ ಒಂಬತ್ತಕ್ಕೆ ಎಂದ. ಲೆಕ್ಕಾಧಿಕಾರಿಯ ಮನೆಗೆ ಹೋದೆ. ಸಹಿ ಹಾಕಲು ಮೊಹರು ಬೇಕು, ಮೊಹರು ಇರುವುದು ನಾವು ಬೀಗ ಹಾಕಿದ ಕಟ್ಟಡದಲ್ಲಿ, ಧರಣಿ ಮುಗಿಯುವ ತನಕ ತಾನು ಅಲ್ಲಿಗೆ ಕಾಲಿಟ್ಟರೆ ತನ್ನ ಕೆಲಸ ಹೋಗುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಿದರು. ಮೊಹರು ನಾನೇ ತಂದುಕೊಡುತ್ತೇನೆ ಎಂದೆ. ಹಾಗೆ ಮಾಡಿದರೆ ಅದು ಕಳ್ಳತನ ಎಂದರು. ಅವರು ಹೇಳಿದ್ದೂ ಸರಿಯೇ. ಅರ್ಗಿರೋ ಅಥೆನ್ಸಿನಿಂದ ಫೋನಿನಲ್ಲಿ ಬೈದಳು, ಆಮೇಲೆ ಸಭೆಯ ತೀರ್ಮಾನವನ್ನು ಸಭೆಯೇ ಬದಲಿಸಬೇಕು, ಸಭೆ ಇರುವುದು ಶುಕ್ರವಾರ ಎಂದಳು. ಅಂದು ಬುಧವಾರ.

ಮಧ್ಯಾಹ್ನ ಸ್ಟೆರ್ಗೋಸ್ ಮಾಮನನ್ನು ಮನೆಯಿಂದ ಎಬ್ಬಿಸಿ ಕರೆತಂದೆ. ಅವನು ಎಣ್ಣೆ ತೊಟ್ಟಿಗೆ ಕೋಲು ಇಳಿಸಿ, ಎತ್ತಿ, ಒಣಗಿದ ತುದಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಏನ್ ಮಗಾ, ಕಂಬಳಿ ಇದೆ ಅಂದ್ಯಂತಲ್ಲ? ಹೊದಿಸು ಹೋಗು, ಇನ್ನೂರ ನಲವತ್ತು ಕಂಬಳಿ."

ಮನೆಗಳಿಂದ ಮೂರು ವಿದ್ಯುತ್ ಹೀಟರ್ ತಂದೆವು. ಎರಡನೆಯದನ್ನು ಹಾಕಿದ ಕೂಡಲೇ ಗಾಜಿನ ಮನೆಯ ಹಳೇ ವೈರು ಸುಟ್ಟು ದೀಪವೂ ಹೋಯಿತು. ಕುಂಡಗಳನ್ನು ಹೊತ್ತು ತರಗತಿಗೆ ಸಾಗಿಸೋಣ ಎಂದು ಹುಡುಗರು ಹೊರಟರು. ಕಟ್ಟಡದ ಒಳಗೂ ಬಾಯ್ಲರ್ ಅದೇ. ಬೇರೆ ಬಾಯ್ಲರಿದ್ದ ಹಾಸ್ಟೆಲ್ ಕೋಣೆಗಳಲ್ಲಿ ಹಿಡಿಯುವಷ್ಟು ಅರುವತ್ತು ಕುಂಡ ತೆಗೆದುಕೊಂಡು ಹೋಗಬಹುದಿತ್ತು. ಯಾವ ಅರುವತ್ತು ಎಂದು ಕೇಳಿದ್ದಕ್ಕೆ ದೊಮ್ನಿಕಾ ಬೇಡ ಎಂದಳು. ಕಾಲು ಭಾಗ ಉಳಿಸಿದರೆ ಹೋಲಿಕೆ ಕೆಡುತ್ತದೆ, ಹೋಲಿಕೆ ಕೆಟ್ಟರೆ ಪ್ರಯೋಗವೇ ಇಲ್ಲ. ಕೊನೆಗೆ ಹಳೆಯ ಬ್ಯಾನರುಗಳನ್ನೂ ನಮ್ಮ ಕಂಬಳಿಗಳನ್ನೂ ತಂದು ಸಾಲುಗಳ ಮೇಲೆ ಹೊದಿಸಿದೆವು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವಳು ಒಂದು ಸಾಲಿನ ಹೊದಿಕೆ ತೆಗೆದಾಗಿತ್ತು. ಎಲೆಗಳು ಕುದಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಕುಂಡದ ಅಂಚಿಗೆ ಅಂಟಿಕೊಂಡಿದ್ದವು. ಅವಳು ಆ ದಿನದ ಪುಟ ತೆರೆದು ಅಳತೆಪಟ್ಟಿ ಹಿಡಿದಿದ್ದಳು. ಅಳೆಯಲು ಏನೂ ನೆಟ್ಟಗೆ ನಿಂತಿರಲಿಲ್ಲ.

ಲಾರಿ ವಾಪಸ್ ಕಳಿಸಿದವನು ನಾನು ಎಂದೆ.

"ಗೊತ್ತು. ಫೋಟೋ ನನ್ನ ಫೋನಿಗೂ ಬಂದಿತ್ತು," ಎಂದಳು. "ನಾನೂ ಚಪ್ಪಾಳೆ ಗುರುತು ಒತ್ತಿದ್ದೆ."

ಅಷ್ಟು ಹೇಳಿ ಮುಂದಿನ ಸಾಲಿನ ಹೊದಿಕೆ ಎಳೆದಳು. ನಾನು ಇನ್ನೂ ಏನೋ ಹೇಳಲು ಹೋದೆ.

"ಮಾತಾಡಿದ್ರೆ ಬಿಸಿ ಆಗುತ್ತಾ, ಪಾಸ್ಖಾಲಿಸ್? ಆಗಲ್ಲ ತಾನೇ. ಆ ಕಡೆ ತುದಿ ಹಿಡ್ಕೋ."

ಹಿಡಿದುಕೊಂಡೆ. ಹನ್ನೆರಡು ಸಾಲನ್ನೂ ನೋಡಿದೆವು. ಒಂದೂ ಉಳಿದಿರಲಿಲ್ಲ.

ಅವಳ ಪ್ರಯೋಗದ ಹೊಣೆ ಹೊತ್ತಿದ್ದ ಪ್ರೊಫೆಸರ್ ದೆಲಿಯೋಸ್ ಕಾಲೇಜಿನ ಎದುರಿನ ಕಾಫಿ ಅಂಗಡಿಯಲ್ಲಿ ಕೂತು ಎರಡು ಪುಟದ ಪತ್ರ ಬರೆದರು. ನಡೆದದ್ದೆಲ್ಲ ಹಾಗೆಯೇ ಬರೆದರು, ಹುಡುಗಿಯ ತಪ್ಪಿಲ್ಲ ಎಂದು ಅಡಿಗೆರೆ ಎಳೆದರು. ಎರಡು ಕಾಲೇಜುಗಳ ನಡುವಿನ ಒಪ್ಪಂದದಲ್ಲಿ ಅರುವತ್ತು ದಿನ ಎಂದಿದೆ, ತಾನು ಅರುವತ್ತು ಎಂದು ಬರೆಯಲಾರೆ ಎಂದೂ ಹೇಳಿದರು. ಕಿಶಿನೌನಿಂದ ಉತ್ತರ ಹೊಸ ವರ್ಷ ಕಳೆದ ಮೇಲೆ ಬಂತು. ಎರಡು ಸಾಲು. ವಿಷಾದವಿದೆ, ಪೂರ್ಣವಾಗದ ಕೆಲಸಕ್ಕೆ ಕ್ರೆಡಿಟ್ ಇಲ್ಲ.

ಜನವರಿ ಹತ್ತಕ್ಕೆ ಅವಳು ಊರ ದಾರಿಯ ಸೋಫಿಯಾ ನಗರದ ಬಸ್ಸು ಹತ್ತಿದಳು. ಬಸ್ ನಿಲ್ದಾಣಕ್ಕೆ ಚೀಲ ಹೊತ್ತುಕೊಟ್ಟೆ. ಊರಿನಿಂದ ಇಟಲಿಗೆ ಹೋಗಿ ಅಮ್ಮನ ಜೊತೆ ಕೆಲಸಕ್ಕೆ ಸೇರುವುದಾಗಿ ಹೇಳಿದಳು. ಅಲ್ಲಿ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಮುದುಕಿ ಇದ್ದಳಂತೆ. ಧರಣಿ ಅದೇ ತಿಂಗಳ ಇಪ್ಪತ್ತಕ್ಕೆ ಮುಗಿಯಿತು. ಬೇಸಿಗೆಯಲ್ಲಿ ಸಚಿವಾಲಯ ನಮ್ಮ ವಿಭಾಗವನ್ನು ಹೇಗೂ ಮುಚ್ಚಿತು.

ಹೋದದ್ದು ಇಷ್ಟು: ಇನ್ನೂರ ನಲವತ್ತು ಸಸಿ, ಮೂವತ್ತೇಳು ದಿನದ ಬರಹ, ಇಪ್ಪತ್ತು ಕ್ರೆಡಿಟ್, ಒಂದು ಹಾಸ್ಟೆಲ್ ಕೋಣೆ, ಒಂದು ಸರ್ಕಾರಿ ಸೀಟು.