ಮೇಷ್ಟ್ರ ಮ್ಯಾನೇಜರ್ ದನಿ

ವಾಣಿಜ್ಯ ವಿಭಾಗದ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಕೊನೆಯ ವರ್ಷದ ಮಕ್ಕಳಿಗೆ ಹೊತ್ತಲ್ಲದ ಹೊತ್ತಿನಲ್ಲಿ, ಯಾರದಾದರೂ ಫೋನಿನಿಂದ ಕರೆ ಮಾಡಿ, ದನಿ ದಪ್ಪ ಮಾಡಿಕೊಂಡು, "ನಾನು ಕಂಪನಿ ಮ್ಯಾನೇಜರ್. ನಿಮ್ಮನ್ನ ಯಾಕ್ರೀ ಕೆಲಸಕ್ಕೆ ತಗೋಬೇಕು?" ಎಂದು ಗದರುವುದು. ಒಮ್ಮೆ ಕ್ಯಾಂಟೀನಿನವರ ಫೋನು, ಒಮ್ಮೆ ವಾಚ್‌ಮನ್ನನದು. ಗೊತ್ತಿಲ್ಲದ ನಂಬರೆಂದು ಎತ್ತದೆ, ಎತ್ತಿದರೂ ತಡವರಿಸಿ, ಬುದ್ಧಿವಂತ ಮಕ್ಕಳು ಕೆಲಸ ಕಳೆದುಕೊಂಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಪಾಠ ಮುಗಿಸಿ ಕೈತೊಳೆದುಕೊಂಡರೆ ಆಯಿತೇ ಎನ್ನುವುದು ಅವರ ವಾದ. ಮಕ್ಕಳ ಪಾಲಿಗೆ ಮಾತ್ರ ಅದು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಇಲಿಗಳಲ್ಲಿ ತೀರ ಸಣ್ಣದು ಪಿಸುಮಾತು. ಹೆಸರಿಟ್ಟದ್ದು ತರಗತಿಯವರು. ಹಾಜರಿ ಕೂಗಿದಾಗ ಅವಳ ಉತ್ತರ ಮುಂದಿನ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಮೇಷ್ಟ್ರು ಮೊದಮೊದಲು ಇದು ಸೊಕ್ಕು ಅಂದುಕೊಂಡಿದ್ದರು. ಕೊನೆಗೊಂದು ದಿನ ಕೇಳಿಯೇಬಿಟ್ಟರು.

"ಅಪ್ಪಂಗೆ ಗಿರಣೀಲಿ ರಾತ್ರಿ ಪಾಳಿ ಸರ್," ಎಂದಳು. "ಹಗಲು ಮಲಗ್ತಾರೆ. ನಮ್ದು ಒಂದೇ ಕೋಣೆ. ನಾನು ಹುಟ್ಟಿದಾಗಿಂದ ನಮ್ಮನೇಲಿ ಯಾರೂ ಜೋರಾಗಿ ಮಾತಾಡಿಲ್ಲ. ಅಮ್ಮ ಪಾತ್ರೆ ಇಡೋದೂ ಬಟ್ಟೆ ಹಾಸಿ."

"ಹಗಲು ಪಾಳಿ ಕೇಳಬಾರ್ದಾ?"

"ಸಂಬಳ ಕಡಿಮೆ ಸರ್. ನಂಗೊಂದು ಕೆಲ್ಸ ಸಿಕ್ಕಿದ್ರೆ ಕೇಳ್ತಾರಂತೆ. ನಿದ್ದೆಯಿಲ್ಲದೆ ಅವರ ತಲೆನೋವು ನೋಡೋಕಾಗಲ್ಲ."

ಅಂದಿನಿಂದ ಮೇಷ್ಟ್ರ ಮ್ಯಾನೇಜರ್ ದನಿ ಅವಳೊಬ್ಬಳ ಹಿಂದೆಯೇ ಬಿತ್ತು. ಮೊದಲ ಕರೆ ಅವಳು ಎತ್ತಲೇ ಇಲ್ಲ. ಎರಡನೆಯದನ್ನು ಎತ್ತಿ ಕತ್ತರಿಸಿದಳು. "ಉಸಿರು ತಗೊಂಡು ಮಾತಾಡಮ್ಮ," ಎಂದು ಅವರು ತಿದ್ದಿ ತೀಡಿದ ಮೇಲೆ, ವರ್ಷದ ಕೊನೆಗೆ ಅವಳು ಫೋನಿನಲ್ಲಿ ತಮಾಷೆ ಮಾಡುವಷ್ಟಾದಳು. ದನಿ ಕೇಳಿದ ಕೂಡಲೇ, "ಸರ್, ನೆಗಡಿನಾ?" ಎಂದುಬಿಡುವಳು.

ಅಷ್ಟರಲ್ಲಿ ಪಾರ್ಸೆಲ್ ಕಂಪನಿಯೊಂದರಲ್ಲಿ, ಗಿರಾಕಿಗಳ ದೂರು ಕೇಳುವ ಕೆಲಸಕ್ಕೆ ಅವಳ ಸಂದರ್ಶನ ಆಯಿತು. ಇಡೀ ದಿನ ಫೋನಿನದೇ ಕೆಲಸ, ಆದ್ದರಿಂದ ಕೊನೆಯ ಪರೀಕ್ಷೆಯೂ ಫೋನಿನಲ್ಲೇ, ಈ ವಾರ ಕರೆ ಬರುತ್ತದೆ ಎಂದಿದ್ದರು.

ಅದೇ ವಾರ ಒಂದು ಮಧ್ಯಾಹ್ನ ಪಿಸುಮಾತು ನಗುನಗುತ್ತಾ ಸ್ಟಾಫ್ ರೂಮಿಗೆ ಬಂದಳು. "ಸರ್, ಇವತ್ತು ಸಖತ್ತಾಗಿ ಮಾಡಿದ್ರಿ! ಆದ್ರೂ ಹಿಡಿದ್ಬಿಟ್ಟೆ ನೋಡಿ."

"ಏನಮ್ಮಾ ಹಿಡಿದದ್ದು?"

"ಈಗ ಫೋನ್ ಮಾಡಿದ್ರಲ್ಲ. 'ಸಾಕು ಬಿಡಿ ಸರ್, ನಿಜವಾದ ಮ್ಯಾನೇಜರ್ ಇಷ್ಟು ಗದರಲ್ಲ, ಹೋಗಿ ಊಟ ಮಾಡಿ' ಅಂತ ಇಟ್ಬಿಟ್ಟೆ."

"ನಾನು ಮಾಡ್ಲಿಲ್ಲಮ್ಮ. ಈಗಿನ್ನೂ ಪಾಠ ಮುಗಿಸಿ ಬಂದೆ."

ಅವಳ ಮುಖದ ನಗು ಹಾಗೇ ಇಂಗಿತು. ಒಂದು ವರ್ಷದ ದುಡಿಮೆಯೆಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ಮೇಷ್ಟ್ರಿಗೆ ತಮ್ಮ ಮೇಲೇ ಸಿಟ್ಟು ಬಂತು. ತೋಳ ಬಂತು ತೋಳ ಎಂದು ದಿನಾ ಕೂಗಿದ್ದು ತಾವು, ತೋಳದ ಬಾಯಿಗೆ ಬಿದ್ದದ್ದು ಈ ಮಗು.

"ಕೊಡು ಆ ನಂಬರು. ತಪ್ಪು ನನ್ನದು, ನಾನೇ ಹೇಳ್ತೀನಿ," ಎಂದು ಅವಳ ಫೋನು ತೆಗೆದುಕೊಂಡು ಒತ್ತಿದರು. ಅತ್ತ ರಿಂಗ್ ಆಯಿತು. ಊರಿಗೆಲ್ಲ ಮ್ಯಾನೇಜರಾಗಿದ್ದ ಮಹಾರಾಯರಿಗೆ ನಿಜವಾದ ಮ್ಯಾನೇಜರು "ಹಲೋ" ಎಂದಾಗ ಒಂದಕ್ಷರ ಹೊರಡಲಿಲ್ಲ.

ಪಿಸುಮಾತು ಅವರ ಕೈಯಿಂದ ಫೋನು ತೆಗೆದುಕೊಂಡಳು. ಉಸಿರು ತೆಗೆದುಕೊಂಡಳು. ಮೇಷ್ಟ್ರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ನಮಸ್ಕಾರ ಸರ್. ಊಟ ಮಾಡಿ ಅಂದೋಳು ನಾನೇ." ಮೇಷ್ಟ್ರ ಅಭ್ಯಾಸದ ಕತೆಯನ್ನು ಒಂದೂ ಬಿಡದೆ ಹೇಳಿ, ಕ್ಷಮೆ ಕೇಳಿದಳು.

"ಮುಂದಿನವರಿಗೆ ಫೋನ್ ಮಾಡೋಕೆ ಹೊರಟಿದ್ದೆ," ಎಂದಿತು ಅತ್ತಲಿನ ದನಿ. ನಿಜಕ್ಕೂ ಮೇಷ್ಟ್ರದೇ ದನಿಯ ಹಾಗಿತ್ತು. "ಸರಿ, ಒಂದೇ ಪ್ರಶ್ನೆ. ಪಾರ್ಸೆಲ್ ಬರ್ಲಿಲ್ಲ ಅಂತ ಜನ ಬಾಯಿಗೆ ಬಂದ ಹಾಗೆ ಬೈತಾರೆ. ಏನ್ ಮಾಡ್ತೀರಿ?"

"ಪೂರ್ತಿ ಕೇಳಿಸ್ಕೋತೀನಿ ಸರ್. ಸುಮ್ನಿದ್ದು ಕೇಳೋದು ನಂಗೆ ಚೆನ್ನಾಗಿ ಬರುತ್ತೆ, ಹುಟ್ಟಿದಾಗಿಂದ ಅದನ್ನೇ ಮಾಡಿದೀನಿ. ಆಮೇಲೆ ಪಾರ್ಸೆಲ್ ಎಲ್ಲಿದೆ ನೋಡಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಮಾತಾಡೋದು ಈ ವರ್ಷ ಕಲಿತೆ."

ಮೇಷ್ಟ್ರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಸೋಮವಾರ ಬನ್ನಿ. ಮತ್ತೆ ನಿಮ್ಮ ಮೇಷ್ಟ್ರಿಗೆ ಹೇಳಿ, ನಾನು ಅಷ್ಟೆಲ್ಲ ಗದರಲ್ಲ!" ಎಂದು ಗದರಿ ಮ್ಯಾನೇಜರು ಫೋನಿಟ್ಟರು.

ಅವಳು ಥ್ಯಾಂಕ್ಸ್ ಹೇಳಲಿಲ್ಲ, ಅಳಲೂ ಇಲ್ಲ. ಓಡಿಹೋಗಿ ಕಾರಿಡಾರಿನಲ್ಲಿ ನಿಂತು ಮನೆಗೆ ಫೋನ್ ಮಾಡಿದಳು. ಅಮ್ಮ ಎಂದಿನಂತೆ ಪಿಸುಗುಟ್ಟಿರಬೇಕು.

"ಅಪ್ಪನ ಕಿವಿ ಹತ್ರ ಇಡಮ್ಮ ಫೋನು. ಏಳಲಿ, ಪರವಾಗಿಲ್ಲ, ಇಡು," ಎಂದಳು. ಆಮೇಲೆ ಕಟ್ಟಡವೇ ಅದುರುವಂತೆ ಕೂಗಿದಳು: "ಅಪ್ಪಾ! ಏಳಪ್ಪಾ! ಎದ್ದೇಳು!"

ಪಕ್ಕದ ತರಗತಿಯಿಂದ ಗಣಿತದ ಮೇಡಂ ಸಿಡಿಮಿಡಿಗೊಂಡು ಹೊರಬಂದರು. "ಯಾರ್ರೀ ಅದು, ಪಾಠದ ಹೊತ್ತಲ್ಲಿ ಇಷ್ಟು ಗಲಾಟೆ?"

"ನಮ್ಮ ಪಿಸುಮಾತು," ಎಂದರು ಮೇಷ್ಟ್ರು, ಕನ್ನಡಕ ಒರೆಸಿಕೊಳ್ಳುತ್ತಾ.